ಬೆಳಗುವುದು ಎಷ್ಟು?

ಕನ್ನಡದಲ್ಲಿ 'ಬೆಳಗು' ಎಂಬ ಒಂದೇ ಮಾತಿನಿಂದ ನಾವು ಎರಡು ಕೆಲಸಗಳನ್ನು ಹೇಳುತ್ತೇವೆ. ಪಾತ್ರೆಯನ್ನೂ ಬೆಳಗುತ್ತೇವೆ, ದೀಪವನ್ನೂ ಬೆಳಗುತ್ತೇವೆ. ಒಂದು ಕೆಲಸ ಬಾವಿಕಟ್ಟೆಯ ಬಳಿ, ಇನ್ನೊಂದು ದೇವರ ಕೋಣೆಯಲ್ಲಿ. ಹೆಚ್ಚಿನ ಮನೆಗಳಲ್ಲಿ ಎರಡನ್ನೂ ಮಾಡುವ ಕೈ ಒಂದೇ. ಆದ್ದರಿಂದಲೋ ಏನೋ, ಉಜ್ಜಿ ಹೊಳೆಯಿಸುವುದು ಒಂದು ಪುಣ್ಯದ ಕೆಲಸವೆಂಬ ಭಾವನೆ ನಮ್ಮಲ್ಲಿ ಚಿಕ್ಕಂದಿನಿಂದಲೇ ಬೇರೂರಿದೆ. ಚೆಂಬು ಕಪ್ಪಾಗಿದ್ದರೆ ಆ ಮನೆಯ ಹೆಂಗಸು ಉದಾಸೀನದವಳು, ಥಳಥಳಿಸುತ್ತಿದ್ದರೆ ಗಟ್ಟಿಗಿತ್ತಿ. ನೆಂಟರು ಬಂದು ಹೋದ ಮೇಲೆ ಹಾದಿಯಲ್ಲಿ ಆಡಿಕೊಳ್ಳುವ ಮಾತು ಇದೇ ತಾನೆ?

ದಿನಬಳಕೆಯ ಪಾತ್ರೆಗಳ ಮಟ್ಟಿಗೆ ಈ ಲೆಕ್ಕ ಸರಿಯೇ. ಆದರೆ ಮೂರು ನಾಲ್ಕು ತಲೆಮಾರು ಕಂಡ ಸಾಮಾನುಗಳ ವಿಷಯಕ್ಕೆ ಬಂದಾಗ ಈ ಪುಣ್ಯದ ಕೆಲಸ ಎಲ್ಲಿಯವರೆಗೆ ಪುಣ್ಯ ಎಂಬ ಪ್ರಶ್ನೆ ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಾ ಬಂದಿದೆ. ಹಳೆಯ ವಸ್ತುವನ್ನು ನಾವು ತೊಳೆಯುವುದು ಅದರ ಹಿತಕ್ಕಾಗಿಯೋ, ನಮ್ಮ ಮರ್ಯಾದೆಗಾಗಿಯೋ?

ನನ್ನ ಗಂಡನ ತರವಾಡು ಮನೆ ಇರುವುದು ಸುಳ್ಯ ತಾಲೂಕಿನ ಮರ್ಕಂಜದಲ್ಲಿ. ಆ ಕಡೆಯ ಮನೆಗಳನ್ನು ಬಲ್ಲವರಿಗೆ ನಾನು ಹೇಳಬೇಕಾದ್ದಿಲ್ಲ. ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡ, ನಡುವೆ ಹಂಚಿನ ಮಾಡು. ವರುಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಪೆಟ್ಟಿಗೆಯೊಳಗಿನ ಸೀರೆಗೆ ಬೂಷ್ಟು ಹಿಡಿಯುತ್ತದೆ. ಇಂಥ ಮನೆಯ ಅಟ್ಟ ಹತ್ತಿದರೆ ಒಂದು ಕಾಲದ ಬದುಕೆಲ್ಲ ಅಲ್ಲಿ ಮಲಗಿರುತ್ತದೆ. ತಾಮ್ರದ ಹಂಡೆ, ಹಿತ್ತಾಳೆಯ ಕೊಪ್ಪರಿಗೆ, ಕಂಚಿನ ಬಟ್ಟಲು, ಗಿಂಡಿ, ಕಾಲುದೀಪ, ಬೀಟೆಮರದ ಪೆಟ್ಟಿಗೆ, ಭತ್ತ ತುಂಬಿಡುತ್ತಿದ್ದ ಪತ್ತಾಯ, ಆಟಿ ತಿಂಗಳ ಮಳೆಯಲ್ಲಿ ಆಡುತ್ತಿದ್ದ ಚೆನ್ನೆಮಣೆ, ಸೇರು, ಕಳಸಿಗೆ.

ಈಗ ಆ ಹಂಚಿನ ಮಾಡುಗಳು ಒಂದೊಂದಾಗಿ ಇಳಿಯುತ್ತಿವೆ. ತಾರಸಿ ಮನೆಯಲ್ಲಿ ಅಟ್ಟವಿಲ್ಲ. ಆದ್ದರಿಂದ ಈ ಸಾಮಾನುಗಳ ಮುಂದೆ ಎರಡೇ ದಾರಿ. ಒಂದೋ ಕಿಲೋ ಲೆಕ್ಕದಲ್ಲಿ ಗುಜರಿಯವನ ಗಾಡಿ ಹತ್ತುವುದು, ಇಲ್ಲವೇ ಮೈ ಉಜ್ಜಿಸಿಕೊಂಡು, ವಾರ್ನಿಶ್ ಬಳಿಸಿಕೊಂಡು ಪೇಟೆಯ ಮನೆಯ ಶೋಕೇಸು ಸೇರುವುದು. ಗುಜರಿಗೆ ಹೋದದ್ದು ಹಾಳಾಯಿತು, ಶೋಕೇಸಿಗೆ ಬಂದದ್ದು ಉಳಿಯಿತು ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಆದರೆ ಉಳಿದದ್ದು ಏನು ಎಂದು ಸ್ವಲ್ಪ ಹತ್ತಿರ ಹೋಗಿ ನೋಡಬೇಕು.

ಮೊದಲು ಉಜ್ಜುವ ಕೆಲಸವನ್ನೇ ನೋಡೋಣ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಮೂರೂ ಗಾಳಿಯ ಸಂಗದಲ್ಲಿ ಬಣ್ಣ ಬದಲಿಸುತ್ತವೆ. ಹುಣಿಸೆಹುಳಿಯಲ್ಲಿಯೂ ಬಿಂಬುಳಿಯಲ್ಲಿಯೂ ಇರುವ ಆಮ್ಲ ಆ ಕಪ್ಪು ಪದರವನ್ನು ಕರಗಿಸುತ್ತದೆ. ಬೂದಿಯ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ. ಇಟ್ಟಿಗೆ ಪುಡಿ, ಹೊಯಿಗೆ, ಈಗಿನ ಲೋಹದ ಜುಂಗು ಇವು ಮಾತ್ರ ಕರಗಿಸುವುದಿಲ್ಲ, ಕೆರೆಯುತ್ತವೆ. ಕಪ್ಪು ಪದರ ಬೇರೆಲ್ಲಿಂದಲೋ ಬಂದು ಕೂತ ಕೊಳೆಯಲ್ಲ. ಪಾತ್ರೆಯ ಲೋಹವೇ ಮಾರ್ಪಟ್ಟು ಆದದ್ದು. ಆದ್ದರಿಂದ ಪ್ರತಿಸಲ ಬೆಳಗುವಾಗಲೂ ಕೂದಲೆಳೆಗಿಂತ ತೆಳುವಾದ ಒಂದು ಪದರ ಲೋಹ ಬಚ್ಚಲ ನೀರಿನಲ್ಲಿ ಹರಿದು ಹೋಗುತ್ತದೆ. ಒಂದು ಸಲಕ್ಕೆ ಅದು ಲೆಕ್ಕಕ್ಕಿಲ್ಲ. ವಾರಕ್ಕೊಮ್ಮೆಯಂತೆ ನೂರು ವರ್ಷಕ್ಕೆ ಐದು ಸಾವಿರ ಸಲವಾಗುತ್ತದೆ. ಹಳೆಯ ದೀಪಗಳ ಮೇಲಿನ ಹಂಸದ ಕಣ್ಣು, ಬಳ್ಳಿಯ ಎಲೆ ಇವೆಲ್ಲ ನುಣ್ಣಗಾಗಿ ಕಾಣುವುದು ಇದರಿಂದಲೇ.

ಇನ್ನೊಂದು ಮಾತು. ಕಪ್ಪು ಅಥವಾ ಕಂದು ಬಣ್ಣ ಸಮನಾಗಿ ಹರಡಿದ್ದರೆ ಅದು ಒಳಗಿನ ಲೋಹಕ್ಕೆ ಒಂದು ಹೊದಿಕೆ. ಅದನ್ನು ಕೀಳುವುದೆಂದರೆ ಹೊಸ ಮೈಯನ್ನು ಮತ್ತೆ ಗಾಳಿಗೆ ಒಡ್ಡಿದಂತೆ. ಆದರೆ ಅಲ್ಲಲ್ಲಿ ತಿಳಿಹಸುರು ಪುಡಿ ಚುಕ್ಕೆಯಾಗಿ ಏಳುತ್ತಿದ್ದರೆ ಅದು ಕಾಯಿಲೆ. ಉಪ್ಪಿನ ಅಂಶ ಒಳಹೊಕ್ಕು ತೇವದ ಬಲದಿಂದ ಲೋಹವನ್ನು ತಿನ್ನುತ್ತಿದೆ ಎಂದು ಅರ್ಥ. ಅಂಥ ವಸ್ತುವನ್ನು ಬೇರೆ ಮಾಡಿ, ಒಣಗಿಸಿ, ತಿಳಿದವರಿಗೆ ತೋರಿಸಬೇಕು. ಎರಡನ್ನೂ ಒಟ್ಟಾರೆ 'ಕಿಲುಬು' ಎಂದು ಕರೆದು ಒಂದೇ ಹುಳಿಯಲ್ಲಿ ಮುಳುಗಿಸುವುದು ನಮ್ಮ ಅಭ್ಯಾಸ. ಎಲ್ಲ ಜ್ವರಕ್ಕೂ ಒಂದೇ ಗುಳಿಗೆ ಕೊಟ್ಟ ಹಾಗೆ.

ಹಟ್ಟಿಯ ಮೇಲಿನ ಅಟ್ಟದಲ್ಲಿ ಹಿತ್ತಾಳೆ ಇಡಬಾರದು ಎಂಬುದಕ್ಕೂ ಒಂದು ಕಾರಣವುಂಟು, ಅದರ ಕತೆ ಸ್ವಾರಸ್ಯವಾಗಿದೆ. 19ನೇ ಶತಮಾನದಲ್ಲಿ ನಮ್ಮ ದೇಶದಲ್ಲಿದ್ದ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಟ್ಟಾಗ ಅವುಗಳ ಹಿತ್ತಾಳೆಯ ಕವಚ ತನ್ನಿಂತಾನೇ ಬಿರಿಯುತ್ತಿತ್ತಂತೆ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಅದಕ್ಕೆ ಕಾರಣವೆಂದು ವಿವರವಾಗಿ ತಿಳಿದದ್ದು 1921ರಲ್ಲಿ. ಹಟ್ಟಿಯ ಗಾಳಿಯಲ್ಲಿಯೂ ಅದೇ ಅಮೋನಿಯಾ. ಕೆಲವು ಅಂಗಡಿ ಪಾಲಿಶ್‌ಗಳಲ್ಲಿಯೂ ಅದೇ.

ಇವೆಲ್ಲ ತಿಳುವಳಿಕೆಯ ಮಾತಾಯಿತು. ಇಷ್ಟೇ ಆಗಿದ್ದರೆ ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದರೆ ಸಾಕಿತ್ತು. ಸಮಸ್ಯೆ ಇದಕ್ಕಿಂತ ಆಳದಲ್ಲಿದೆ.

ಮರ್ಕಂಜದ ಮನೆಯಲ್ಲಿ ಸೊಂಟದೆತ್ತರದ ಒಂದು ಕಾಲುದೀಪವಿದೆ. ಅದರ ಬುಡದ ಸುತ್ತ ಒಂದು ಸಾಲು ಅಕ್ಷರಗಳಿದ್ದುವು. ಈಗ ಬೆರಳಿಟ್ಟು ತಡವಿದರೆ ಕೊನೆಯ ಒಂದು 'ಮ್ಮ' ಮಾತ್ರ ಸಿಗುತ್ತದೆ. ಯಾರೋ ಒಬ್ಬ ಅಮ್ಮ ತನ್ನ ಹೆಸರು ಕೊರೆಸಿ ಇಟ್ಟ ದೀಪ. ಅವಳು ಆ ಮನೆಗೆ ಬಂದ ಸೊಸೆಯೋ, ಹುಟ್ಟಿದ ಮಗಳೋ, ಯಾವ ಹರಕೆಗಾಗಿ ಇಟ್ಟಳೋ ಹೇಳುವವರಿಲ್ಲ. ಮನೆಯ ಜಾಗದ ಕಾಗದಪತ್ರಗಳಲ್ಲಿ ಗಂಡಸರ ಹೆಸರುಗಳು ಸಾಲಾಗಿವೆ. ಹೆಂಗಸೊಬ್ಬಳ ಹೆಸರು ಬರೆದಿದ್ದ ವಸ್ತು ಇಡೀ ಮನೆಯಲ್ಲಿ ಅದೊಂದೇ. ಆ ಹೆಸರನ್ನು ಅಳಿಸಿದವರು ಯಾರು? ಕಳ್ಳರಲ್ಲ, ದಾಯಾದಿಗಳಲ್ಲ. ಅವಳ ನಂತರ ಬಂದ ಹೆಂಗಸರು, ಶುಕ್ರವಾರ ಶುಕ್ರವಾರ, ಭಕ್ತಿಯಿಂದ, ಹುಳಿ ಹಾಕಿ.

ನಾನು ಇದನ್ನು ಹೇಳಿದಾಗ ನನ್ನ ಅತ್ತೆ ಒಂದು ಗಳಿಗೆ ಸುಮ್ಮನಿದ್ದು, "ಹೆಸರು ಹೋದರೆ ಹೋಯಿತು ಮಗ, ದೀಪ ಉಂಟಲ್ಲ? ಅವಳು ಇಟ್ಟದ್ದು ಉರಿಸಲಿಕ್ಕೆ. ಓದಲಿಕ್ಕೆ ಅಲ್ಲ" ಎಂದರು. ಬೆಂಗಳೂರಿನಲ್ಲಿರುವ ನನ್ನ ನಾದಿನಿಯ ಅಭಿಪ್ರಾಯ ಇದಕ್ಕೆ ತೀರ ವಿರುದ್ಧ. "ಇನ್ನು ಅದನ್ನು ಮುಟ್ಟಲೇ ಬೇಡಿ ಅತ್ತಿಗೆ, ಗಾಜಿನೊಳಗೆ ಇಡಿ. ಎಣ್ಣೆ ಹೊಯ್ಯಲಿಕ್ಕೆ ಪೇಟೆಯಿಂದ ಹೊಸತು ತಂದರಾಯಿತು" ಎಂದಳು. ಇಬ್ಬರೂ ಆ ದೀಪವನ್ನು ಪ್ರೀತಿಸುವವರೇ. ಒಬ್ಬರಿಗೆ ಅದರ ಕೆಲಸ ಮುಖ್ಯ, ಇನ್ನೊಬ್ಬಳಿಗೆ ಅದರ ಗುರುತು. ಇವರಲ್ಲಿ ಯಾರು ಸರಿ?

ನಾದಿನಿಯ ಪಕ್ಷಕ್ಕೆ ದೊಡ್ಡ ದೊಡ್ಡ ಸಾಕ್ಷಿಗಳಿವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗ್ರೀಸಿನ ಪಾರ್ಥೆನಾನ್ ದೇಗುಲದ ಅಮೃತಶಿಲೆಯ ಶಿಲ್ಪಗಳಿವೆ. ಅವುಗಳಿಗೆ ಹೊಸ ಗ್ಯಾಲರಿ ಕಟ್ಟಿಸಿಕೊಡಲು ಮುಂದೆ ಬಂದ ಲಾರ್ಡ್ ಡುವೀನ್ ಎಂಬ ಧನಿಕನಿಗೆ ಶಿಲ್ಪಗಳು ಬೆಳ್ಳಗೆ ಕಾಣಬೇಕೆಂಬ ಆಸೆ. 1937-38ರಲ್ಲಿ ಕೆಲಸಗಾರರು ತಾಮ್ರದ ಉಪಕರಣಗಳಿಂದಲೂ ಕಾರ್ಬೊರಂಡಮ್‌ನಿಂದಲೂ ಅವುಗಳ ಮೈ ಕೆರೆದರು. ಎರಡು ಸಾವಿರ ವರ್ಷಗಳ ಜೇನುಬಣ್ಣದ ಪದರ, ಅದರೊಂದಿಗೆ ಪ್ರಾಚೀನ ಶಿಲ್ಪಿಯ ಕೈಗುರುತೂ ಹಲವು ಕಡೆ ಹೊರಟುಹೋಯಿತು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬ ನಮ್ಮ ಗಾದೆಯನ್ನು ಅವರಿಗೆ ಯಾರಾದರೂ ಹೇಳಬೇಕಿತ್ತು. ಆ ಪ್ರಾಚೀನರು ತಮ್ಮ ಶಿಲ್ಪಗಳಿಗೆ ಬಣ್ಣ ಹಚ್ಚುತ್ತಿದ್ದರು. ಬಿಳುಪು ಅವರಿಗೆ ಬೇಕಾಗಿದ್ದದ್ದಲ್ಲ, ಇಪ್ಪತ್ತನೇ ಶತಮಾನದ ಒಬ್ಬ ದಾನಿಗೆ ಬೇಕಾಗಿದ್ದದ್ದು. ನಮ್ಮ ಶೋಕೇಸುಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಹೊಳೆಯುವ ಗಿಂಡಿ ನಮ್ಮ ಅಜ್ಜಿಯ ಗಿಂಡಿಯಂತೆ ಇರುವುದಿಲ್ಲ. ಅಜ್ಜಿಯ ಗಿಂಡಿ ಹೇಗಿರಬೇಕೆಂದು ನಾವು ಬಯಸಿದ್ದೇವೋ ಹಾಗೆ ಇರುತ್ತದೆ.

ಹಾಗೆಂದು ಅತ್ತೆಯ ಮಾತನ್ನು ತಳ್ಳಿಹಾಕಲೂ ಬರುವುದಿಲ್ಲ. ನಮ್ಮ ಪರಂಪರೆಯೇ ಅವರ ಕಡೆಗಿದೆ. ದೇವಸ್ಥಾನ ಶಿಥಿಲವಾದರೆ ನಾವು ಅದನ್ನು ಹಾಗೆಯೇ ಬೇಲಿ ಹಾಕಿ ಕಾಪಾಡುವುದಿಲ್ಲ, ಜೀರ್ಣೋದ್ಧಾರ ಮಾಡುತ್ತೇವೆ. ಭಿನ್ನವಾದ ವಿಗ್ರಹವನ್ನು ನೀರಿಗೆ ಬಿಟ್ಟು ಹೊಸತನ್ನು ಪ್ರತಿಷ್ಠೆ ಮಾಡುತ್ತೇವೆ. ಜಪಾನಿನ ಇಸೆ ದೇಗುಲವನ್ನಂತೂ ಇಪ್ಪತ್ತು ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗಿ ಕಟ್ಟುತ್ತಾರೆ, 2013ರಲ್ಲಿಯೂ ಕಟ್ಟಿದರು. ಅಲ್ಲಿ ಉಳಿಯುವುದು ಮರವಲ್ಲ, ಬಡಗಿಯ ವಿದ್ಯೆ. ಅತ್ತೆ ಹೇಳಿದ್ದೂ ಅದನ್ನೇ. ಉರಿಸುವ ಅಭ್ಯಾಸ ಉಳಿದರೆ ದೀಪ ಸವೆದರೂ ಚಿಂತೆಯಿಲ್ಲ.

ಆದರೆ ಈ ವಾದಕ್ಕೆ ಒಂದು ಷರತ್ತಿದೆ, ಅದನ್ನು ನಾವು ಮರೆಯುತ್ತಿದ್ದೇವೆ. ಹಳೆಯದು ಹೋದರೂ ಅದರಂಥದನ್ನು ಮತ್ತೆ ಮಾಡಬಲ್ಲ ಕೈಗಳು ಊರಿನಲ್ಲಿರಬೇಕು. ಒಂದು ಕಾಲಕ್ಕೆ ಕಲಾಯಿಯವರು ಊರೂರು ತಿರುಗುತ್ತಿದ್ದರು. ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರ ಹಾಕಿ, ಕರಗಿದ ತವರವನ್ನು ಹತ್ತಿಯಿಂದ ಒಳಮೈಗೆ ಸವರಿ ಕೊಡುತ್ತಿದ್ದರು. ಆ ಬೆಳ್ಳಿಯಂಥ ಪದರ ಇದ್ದುದರಿಂದಲೇ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಬೇಯಿಸಿದರೂ ಅಪಾಯವಾಗುತ್ತಿರಲಿಲ್ಲ. ಅವರು ಅಪರೂಪವಾದ ಮೇಲೆ ಆ ಪಾತ್ರೆಗಳು ಅಡುಗೆಯ ಕೆಲಸಕ್ಕೆ ಬಾರದೆ ಅಟ್ಟ ಸೇರಿದುವು. ಮಾಡುವವರು ಇಲ್ಲದಲ್ಲಿ ಸವೆಸುವ ಹಕ್ಕೂ ಕಡಿಮೆಯಾಗುತ್ತದೆ ಎಂದು ನನಗೆ ತೋರುತ್ತದೆ. ಗದ್ದೆಯಲ್ಲಿ ಬಿತ್ತನೆಗೆ ಬೀಜವಿದ್ದಾಗ ಪತ್ತಾಯದ ಭತ್ತವನ್ನು ಉಣ್ಣಬಹುದು. ಇಲ್ಲದಿದ್ದಾಗ ಅದೇ ಭತ್ತ ಬೀಜವಾಗುತ್ತದೆ.

ಹಳೆಯ ಸಾಮಾನಿನ ಮೇಲೆ ಕೂತದ್ದು ಲೋಹದ ಬಣ್ಣ ಮಾತ್ರವೂ ಅಲ್ಲ. ಸೇರು, ಕಳಸಿಗೆಗಳನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ. ಈಗ ಹಿತ್ತಾಳೆ ಪಟ್ಟಿ ಹೊಳೆಯಿಸಿಕೊಂಡ ಕಳಸಿಗೆ ಅನೇಕ ಮನೆಗಳ ಜಗಲಿಯಲ್ಲಿ ಕೊಡೆ ಇಡುವ ಅಲಂಕಾರದ ವಸ್ತುವಾಗಿದೆ. ಆದರೆ ಅದು ಗೇಣಿ ಅಳೆದ ವಸ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ನಮ್ಮ ಜಿಲ್ಲೆಯಲ್ಲಿ ಸಾವಿರಾರು ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾದರು. ಅದಕ್ಕೆ ಮೊದಲು ಈ ಕಳಸಿಗೆಯ ಮುಂದೆ ಎಷ್ಟು ಜನ ಕೈಕಟ್ಟಿ ನಿಂತಿದ್ದರು! ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಎಂಬ ಮಾತನ್ನು ಹಿರಿಯರ ಬಾಯಲ್ಲಿ ನಾನೇ ಕೇಳಿದ್ದೇನೆ. ಕಂಚಿನ ಬಟ್ಟಲೂ ಹಾಗೆಯೇ. ಒಳಗೆ ಉಂಡವರಿಗೆ ಬಟ್ಟಲು, ಅಂಗಳದಾಚೆ ಕೂತವರಿಗೆ ಹಾಳೆ ಅಥವಾ ಬಾಳೆ ಎಲೆ.

ನಾವು ಇವುಗಳನ್ನು ತೊಳೆದು ಚಂದ ಮಾಡಿ ಇಡುವಾಗ ಆ ನೆನಪನ್ನೂ ತೊಳೆಯುತ್ತೇವೆ. ನೋಡಿದವರು 'ಹಿಂದಿನ ಕಾಲ ಎಷ್ಟು ಚಂದ' ಎನ್ನುತ್ತಾರೆ. ಚಂದವಿದ್ದದ್ದೂ ನಿಜವೇ. ಆದರೆ ಒಕ್ಕಲಿನ ಮನೆಯ ಮೊಮ್ಮಗಳು ಅದೇ ಕಳಸಿಗೆಯನ್ನು ನೋಡಿದರೆ ಹಾಗೆನ್ನುವಳೇ? ಪ್ರಾಚೀನ ವಸ್ತುವಿಗೆ ನಿಷ್ಠೆಯಿಂದಿರುವುದೆಂದರೆ ಅದರ ಮೈ ಕಾಪಾಡುವುದಷ್ಟೇ ಆಗಲಾರದು. ಅದು ಏನು ಕೆಲಸ ಮಾಡಿತೆಂದು ಬಚ್ಚಿಡದೆ ಹೇಳುವುದೂ ಅದರೊಳಗೆ ಬರುತ್ತದೆ.

ಇಲ್ಲಿಗೆ ಬಂದಾಗ ಮೂಲದ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಈ ವಸ್ತುಗಳು ನಮ್ಮವೇ? ಸರಕಾರ ಒಂದು ಉತ್ತರ ಕೊಟ್ಟಿದೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕರಕುಶಲ ವಸ್ತು, ಐತಿಹಾಸಿಕ ವಸ್ತುಗಳೆಲ್ಲ ಪ್ರಾಚ್ಯವಸ್ತು. ಬೆಲೆಯುಳ್ಳ ಹಸ್ತಪ್ರತಿಗಳಿಗಾದರೆ ಎಪ್ಪತ್ತೈದು ವರ್ಷ ಸಾಕು. ಅವುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅಂದರೆ ಮನೆಯೊಳಗೆ ಇದ್ದರೂ ಅದರ ಮೇಲೆ ನಮ್ಮದು ಪೂರ್ತಿ ಹಕ್ಕಲ್ಲ.

ಕಾಯಿದೆಗಿಂತ ಬಹಳ ಮೊದಲೇ ತುಳುನಾಡು ಇದೇ ಉತ್ತರವನ್ನು ತನ್ನ ರೀತಿಯಲ್ಲಿ ಕೊಟ್ಟಿತ್ತು. ದೈವದ ಭಂಡಾರ ಇರುವ ಮನೆಗಳನ್ನು ನೋಡಿ. ಮೊಗ, ಕಡ್ಸಲೆ, ಗಂಟೆ ಎಲ್ಲ ಮನೆಯ ಒಂದು ಕೋಣೆಯಲ್ಲಿಯೇ ಇರುತ್ತವೆ. ಕಾಪಾಡುವವರು ಮನೆಯವರು. ಆದರೆ ಯಜಮಾನನೂ ಅದನ್ನು ತನ್ನದೆನ್ನುವುದಿಲ್ಲ. ನೇಮದ ದಿನ ಹೊರಗೆ ಬರುತ್ತದೆ, ಮತ್ತೆ ಒಳಗೆ ಹೋಗುತ್ತದೆ. ತೊಳೆಯುವುದಕ್ಕೂ ದಿನವುಂಟು, ಕ್ರಮವುಂಟು, ಮುಟ್ಟುವವರು ಇಂಥವರೇ ಎಂದುಂಟು. ಆ ನೇಮಗಳಲ್ಲಿ ಕೆಲವು ಹೆಂಗಸರನ್ನೂ ಕೆಲವು ಜಾತಿಯವರನ್ನೂ ದೂರವಿಟ್ಟವು. ಅದನ್ನು ನಾನು ಸಮರ್ಥಿಸುವವಳಲ್ಲ. ಆದರೆ 'ಇದು ನನ್ನ ಕೈಯಲ್ಲಿದೆ, ನನ್ನದಲ್ಲ' ಎಂಬ ಭಾವ ಮಾತ್ರ ಅಟ್ಟದ ಎಲ್ಲ ಸಾಮಾನಿಗೂ ಹಬ್ಬಬೇಕಾದದ್ದು.

ಆ ಭಾವ ಇದ್ದವರಿಂದಲೇ ಕೆಲವು ದೊಡ್ಡ ಸಂಗತಿಗಳು ಉಳಿದಿವೆ. ಕಾಸರಗೋಡು ಸೀಮೆಯ ಮನೆಗಳಲ್ಲಿ ಯಾರೂ ಓದದ ತಾಳೆಗರಿಯ ಕಟ್ಟುಗಳನ್ನು ಯಾರೋ ಬಟ್ಟೆ ಸುತ್ತಿ ಇಟ್ಟಿದ್ದರಿಂದ ಪುಂಡೂರು ವೆಂಕಟರಾಜ ಪುಣಿಂಚತ್ತಾಯರಿಗೆ ಹಳೆಯ ತುಳು ಕಾವ್ಯ 'ಶ್ರೀ ಭಾಗವತೊ' ಸಿಕ್ಕಿತು, ತುಳುವಿಗೆ ಹಳೆಯ ಸಾಹಿತ್ಯವೇ ಇಲ್ಲವೆಂಬ ಮಾತು ಸುಳ್ಳಾಯಿತು. ನವರಾತ್ರಿಯಲ್ಲಿ ಗ್ರಂಥಗಳನ್ನು ಹೊರತೆಗೆದು ಧೂಳು ಕೊಡವಿ ಪೂಜೆಗೆ ಇಡುವ ಕ್ರಮವಿದೆಯಲ್ಲ, ಮಳೆಗಾಲ ಮುಗಿದೊಡನೆ ತೇವ ಆರಿಸುವ ಉಪಾಯವೂ ಅದರೊಳಗೇ ಇದೆ. 2017ರಲ್ಲಿ ತೀರಿಕೊಂಡ ಮಣಿಪಾಲದ ವಿಜಯನಾಥ ಶೆಣೈಯವರು ಕೆಡವಲು ಹೊರಟ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ನಮ್ಮ ಅಡುಗೆಮನೆಯ, ಹಟ್ಟಿಯ, ಗದ್ದೆಯ ಸಾಮಾನುಗಳು ಗೌರವದಿಂದ ಕೂತಿವೆ. ಮನೆಯಲ್ಲಿ ಜಾಗವಿಲ್ಲದವರು ಗುಜರಿಯ ಗಾಡಿಗೆ ಕೈ ಮಾಡುವ ಮೊದಲು ಇಂಥ ಕಡೆಗೊಮ್ಮೆ ವಿಚಾರಿಸಬಹುದು.

ಎಲ್ಲರೂ ಮ್ಯೂಸಿಯಂ ಕಟ್ಟಲಾರರು. ಮನೆಯಲ್ಲಿರುವ ನಾವು ಮಾಡಬಹುದಾದದ್ದು ಇಷ್ಟು. ಸಾಮಾನುಗಳನ್ನು ಮೂರು ಪಾಲು ಮಾಡಬೇಕು. ದಿನವೂ ಬಳಸುವುದು ಒಂದು; ಅದನ್ನು ಧಾರಾಳವಾಗಿ ಬೆಳಗಲಿ, ಅನ್ನದ ಪಾತ್ರೆ ಶುಭ್ರವಾಗಿಯೇ ಇರಬೇಕು. ವಿಶೇಷ ದಿನಗಳಿಗೆ ಮಾತ್ರ ಬರುವುದು ಇನ್ನೊಂದು. ಅದಕ್ಕೆ ಅಂಟುವಾಳದ ನೀರು, ಮೆತ್ತಗಿನ ಹಳೆಯ ಸೀರೆಯ ತುಂಡು ಸಾಕು. ತೊಳೆದೊಡನೆ ನೀರಿನ ಹನಿ ಉಳಿಯದಂತೆ ಒರಸಿ ಒಣಗಿಸಬೇಕು. ಕೆಲಸ ಮುಗಿಸಿ ವಿಶ್ರಾಂತಿ ಪಡೆಯುತ್ತಿರುವುದು ಮೂರನೆಯದು. ಅದರ ಧೂಳು ಒರಸಿ ತೇವವಿಲ್ಲದಲ್ಲಿ ಇಟ್ಟರಾಯಿತು. ಹೊರಗಿನಿಂದ ಬಂದು ಕೂತದ್ದನ್ನು ತೆಗೆಯೋಣ, ವಸ್ತು ತಾನೇ ಆದದ್ದನ್ನು ಬಿಡೋಣ. ಚೆನ್ನೆಮಣೆಯ ಗುಳಿಗಳಿಗೆ ಅಜ್ಜಿಯಂದಿರ ಬೆರಳು ಕೊಟ್ಟ ನುಣುಪಿಗೆ ವಾರ್ನಿಶ್ ಸಮನಲ್ಲ. ಕುಟ್ಟೆ ಹಿಡಿದಿದೆಯೇ, ಗೆದ್ದಲು ಏರಿದೆಯೇ ಎಂದು ತಿಂಗಳಿಗೊಮ್ಮೆ ನೋಡಿದರೆ ಸಾಕು. ಹೊಸತರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದಂತೆ ಒಂದು ದಿನ ಉಜ್ಜಿ ಹತ್ತು ವರ್ಷ ಮರೆಯುವುದಕ್ಕಿಂತ ಇದು ಲೇಸು.

ನಮ್ಮ ಕಾಲುದೀಪದ ಬಗೆಗೆ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ಅದು ಉರಿಯುತ್ತದೆ, ಆದರೆ ವರುಷಕ್ಕೆ ನಾಲ್ಕು ದಿನ ಮಾತ್ರ. ಬುಡಕ್ಕೆ ಹುಳಿ ತಾಗಿಸುವಂತಿಲ್ಲ. ಅತ್ತೆಗೂ ನಾದಿನಿಗೂ ಪೂರ್ತಿ ಸಮಾಧಾನವಿಲ್ಲ, ಆದ್ದರಿಂದ ಒಪ್ಪಂದ ನ್ಯಾಯವಾಗಿಯೇ ಇರಬೇಕು.

ಇದೆಲ್ಲಕ್ಕಿಂತ ಸುಲಭವಾದ, ಖರ್ಚಿಲ್ಲದ, ಆದರೆ ನಾವು ಮಾಡದ ಕೆಲಸ ಒಂದಿದೆ. ಒಂದು ನೋಟುಪುಸ್ತಕ ತೆಗೆದುಕೊಂಡು ಮನೆಯ ಹಳೆಯ ಸಾಮಾನುಗಳ ಪಟ್ಟಿ ಬರೆಯುವುದು. ಇದು ಯಾರದು, ಎಲ್ಲಿಂದ ಬಂತು, ಯಾವ ಕೆಲಸಕ್ಕೆ ಬಳಸಿದರು, ಇದನ್ನು ತೊಳೆದು ಕಾಪಾಡಿದವರು ಯಾರು ಯಾರು. ಮನೆಯ ಸೊಸೆಯಂದಿರ ಹೆಸರು, ಕೆಲಸಕ್ಕೆ ಬರುತ್ತಿದ್ದವರ ಹೆಸರು, ಎಲ್ಲವನ್ನೂ ಬರೆಯಬೇಕು. ಹೇಳಬಲ್ಲ ಹಿರಿಯರು ಇನ್ನೂ ಇರುವ ಮನೆಯವರು ಈ ಕೆಲಸವನ್ನು ಮುಂದಿನ ಮಳೆಗಾಲಕ್ಕೆ ದೂಡಬಾರದು. ಲೋಹ ಇನ್ನೂ ನೂರು ವರ್ಷ ತಾಳೀತು. ನೆನಪಿಗೆ ಅಷ್ಟು ಆಯುಷ್ಯವಿಲ್ಲ.